ಜಠರಾಮ್ಲ ತಗ್ಗಿಸುವ ಔಷಧಗಳು ಮತ್ತು ಕರುಳಿನ ಬ್ಯಾಕ್ಟೀರಿಯ

ಎದೆಯುರಿ, ಹುಳಿತೇಗು, ಜಠರದ ಹುಣ್ಣು ಮೊದಲಾದ ತೊಂದರೆಗಳಿಗೆ ಕೊಡುವ ಆಮ್ಲ ತಗ್ಗಿಸುವ ಔಷಧಗಳು ಜಠರದಲ್ಲಿ ಕೆಲಸ ಮಾಡಿದರೂ ಅವುಗಳ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಕೆಳಗಿನ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯ ಸಮುದಾಯದಲ್ಲಿ ಯಾವುದು ಹೆಚ್ಚಬೇಕು, ಯಾವುದು ಕುಗ್ಗಬೇಕು ಎಂಬುದನ್ನೂ ಇವು ಬದಲಿಸುತ್ತವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರ‍್ಯಾಬೆಪ್ರಜೋಲ್, ಎಸೊಮೆಪ್ರಜೋಲ್ ಮುಂತಾದ ‘ಪ್ರೋಟಾನ್ ಪಂಪ್ ಪ್ರತಿಬಂಧಕ’ಗಳಲ್ಲಿ ಈ ಪರಿಣಾಮ ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ ಇವು ‘ಗ್ಯಾಸ್ಟ್ರಿಕ್ ಮಾತ್ರೆ’, ‘ಗ್ಯಾಸ್ ಮಾತ್ರೆ’ ಎಂದೇ ಮನೆಮಾತು. ನೆದರ್‌ಲ್ಯಾಂಡ್ಸ್‌ನಲ್ಲಿ ಜನ ಬಳಸುವ ಹೆಸರು ‘ಮಾಖ್‌ಬೆಸ್ಖೆರ್ಮರ್’, ಅಂದರೆ ಹೊಟ್ಟೆಯನ್ನು ಕಾಯುವುದು. ಎರಡೂ ಹೆಸರುಗಳು ರೋಗಿಗೆ ಧೈರ್ಯ ತುಂಬುತ್ತವೆ. ಆದರೆ ಮಾತ್ರೆ ಕರುಳಿಗೆ ಏನು ಮಾಡುತ್ತದೆ ಎಂಬುದನ್ನು ಎರಡೂ ಹೇಳುವುದಿಲ್ಲ.

ಈ ವಿಷಯದ ಮುಖ್ಯ ಸಂಶೋಧನೆಗಳಲ್ಲಿ ಹಲವು ನಡೆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಗ್ರೊನಿಂಗನ್, ಮಾಸ್ಟ್ರಿಕ್ಟ್, ಆಮ್‌ಸ್ಟರ್‌ಡ್ಯಾಮ್‌ಗಳ ಅಧ್ಯಯನಗಳು ಈ ಲೇಖನದ ಆಧಾರ. ದೇಶದ ದಕ್ಷಿಣದ ನಾರ್ತ್ ಬ್ರಬಾಂಟ್ ಪ್ರಾಂತ್ಯದ ವೆಲ್ಡ್‌ಹೋವನ್ ಊರು ಎರಡು ಕಾರಣಕ್ಕೆ ಇಲ್ಲಿ ಪ್ರಸ್ತುತವಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ತೀವ್ರನಿಗಾ ಘಟಕವುಳ್ಳ ಆಸ್ಪತ್ರೆ ಅಲ್ಲಿದೆ. ಚಿಪ್ ತಯಾರಿಸುವ ಯಂತ್ರಗಳ ಎಎಸ್ಎಂಎಲ್ ಕಂಪನಿಯ ಕೇಂದ್ರವೂ ಅಲ್ಲೇ ಇರುವುದರಿಂದ ಭಾರತದ ಅನೇಕ ಕುಟುಂಬಗಳು, ಅವುಗಳಲ್ಲಿ ಕನ್ನಡದ ಮನೆಗಳೂ, ಆ ಸುತ್ತಿನಲ್ಲಿ ನೆಲೆಸಿವೆ.

ಜಠರಾಮ್ಲದ ಕೆಲಸ

ಜಠರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂಬುದನ್ನು 1820ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ ತೋರಿಸಿಕೊಟ್ಟ. ಖಾಲಿ ಹೊಟ್ಟೆಯಲ್ಲಿ ಜಠರದ ಪಿಎಚ್ ಅಳತೆ ಸಾಮಾನ್ಯವಾಗಿ 1ರಿಂದ 2ರ ನಡುವೆ ಇರುತ್ತದೆ. ಪಿಎಚ್ ಕಡಿಮೆಯಾದಷ್ಟೂ ಆಮ್ಲ ಪ್ರಬಲ.

ಈ ಆಮ್ಲಕ್ಕೆ ಮೂರು ಕೆಲಸಗಳಿವೆ. ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಕಿಣ್ವವನ್ನು ಅದು ಎಚ್ಚರಗೊಳಿಸುತ್ತದೆ. ಕಬ್ಬಿಣ, ಬಿ12 ಜೀವಸತ್ವ ಮೊದಲಾದವುಗಳನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಮೂರನೆಯದು ಕಾವಲು. ಅನ್ನ, ನೀರು, ಎಂಜಲಿನ ಜೊತೆಗೆ ದಿನವೂ ಕೋಟಿಗಟ್ಟಲೆ ಬ್ಯಾಕ್ಟೀರಿಯ ಗಂಟಲಿನಿಂದ ಕೆಳಗಿಳಿಯುತ್ತವೆ. ಪಿಎಚ್ 4ಕ್ಕಿಂತ ಕೆಳಗಿರುವ ಜಠರದಲ್ಲಿ ಅವುಗಳಲ್ಲಿ ಬಹುಪಾಲು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಊರಿಗೆ ಬರುವ ಪ್ರತಿ ಗಾಡಿಯನ್ನೂ ತಡೆದು ನೋಡುವ ಸುಂಕದ ಕಟ್ಟೆಯಂತೆ ಜಠರ ಬಾಯಿಗೂ ಕರುಳಿಗೂ ನಡುವೆ ನಿಂತಿದೆ. ಆರೋಗ್ಯವಂತರ ಜಠರರಸದ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಗಳ ಎಣಿಕೆ ಸಾವಿರದ ಆಸುಪಾಸು ಮಾತ್ರ. ದೊಡ್ಡಕರುಳಿನಲ್ಲಿ ಅದೇ ಅಳತೆಗೆ ಎಣಿಕೆ ಹತ್ತಾರು ಸಾವಿರ ಕೋಟಿ ದಾಟುತ್ತದೆ.

ಔಷಧಗಳ ಬಗೆಗಳು

ಆಮ್ಲಕ್ಕೆ ಮದ್ದಾಗಿ ಬಳಸುವ ಔಷಧಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಆಮ್ಲಶಾಮಕಗಳು: ಜೆಲುಸಿಲ್, ಡೈಜೀನ್, ಈನೋ ಇತ್ಯಾದಿ. ಇವು ಸ್ರವಿಸಿಯಾಗಿರುವ ಆಮ್ಲವನ್ನು ಆ ಹೊತ್ತಿಗೆ ಶಮನಗೊಳಿಸುತ್ತವೆ. ಹೊಸ ಆಮ್ಲದ ಉತ್ಪತ್ತಿಯನ್ನು ತಡೆಯುವುದಿಲ್ಲ. ಎರಡನೆಯವು ಎಚ್2 ಪ್ರತಿಬಂಧಕಗಳು. ಹಿಸ್ಟಮಿನ್ ಕೊಡುವ ಸೂಚನೆ ಜಠರದ ಕೋಶಕ್ಕೆ ಮುಟ್ಟದಂತೆ ಇವು ತಡೆಯುತ್ತವೆ. ಮೊದಲ ಎಚ್2 ಔಷಧ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅದರ ಹಿಂದಿನ ಸಂಶೋಧಕ ಜೇಮ್ಸ್ ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇದೇ ಗುಂಪಿನ ರ‍್ಯಾನಿಟಿಡಿನ್ ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿತ್ತು. ಕ್ಯಾನ್ಸರ್‌ಕಾರಕವಾಗಬಹುದಾದ ಕಲ್ಮಶ ಕಂಡುಬಂದ ಕಾರಣ 2020ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಅದರ ಮಾರಾಟವನ್ನು ನಿಲ್ಲಿಸಿದರು.

ಮೂರನೆಯವು, ಈಗ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವವು, ಪ್ರೋಟಾನ್ ಪಂಪ್ ಪ್ರತಿಬಂಧಕಗಳು. ಇವುಗಳಲ್ಲಿ ಮೊದಲನೆಯದಾದ ಒಮೆಪ್ರಜೋಲ್ ಸ್ವೀಡನ್ನಿನಲ್ಲಿ ರೂಪುಗೊಂಡು 1988ರಲ್ಲಿ ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಜೋಲ್ ಜರ್ಮನಿಯ ಕೊಡುಗೆ. ಇವುಗಳ ಕೆಲಸದ ದಾರಿ ಸ್ವಲ್ಪ ಸುತ್ತಿನದು. ಮಾತ್ರೆ ಜಠರದಲ್ಲಿ ಕರಗದೆ ಮುಂದೆ ಸಾಗಿ, ಸಣ್ಣಕರುಳಿನಲ್ಲಿ ಹೀರಲ್ಪಟ್ಟು, ರಕ್ತದ ಮೂಲಕ ಮತ್ತೆ ಜಠರದ ಗೋಡೆಗೆ ಬರುತ್ತದೆ. ಅಲ್ಲಿ ಆಮ್ಲ ಸ್ರವಿಸುವ ಕೋಶದೊಳಗೆ ಸಕ್ರಿಯಗೊಂಡು, ಆಮ್ಲವನ್ನು ಹೊರಕ್ಕೆ ತಳ್ಳುವ ಪಂಪಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಒಂದೆರಡು ಗಂಟೆಗಳಲ್ಲೇ ಇಳಿದರೂ, ದೇಹ ಹೊಸ ಪಂಪುಗಳನ್ನು ತಯಾರಿಸುವವರೆಗೆ ಪರಿಣಾಮ ಉಳಿಯುತ್ತದೆ. ಪಂಪು ದುಡಿಯುತ್ತಿರುವಾಗ ಮಾತ್ರ ಔಷಧ ಅದನ್ನು ಹಿಡಿಯಬಲ್ಲದು. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ದಿನವೂ ತೆಗೆದುಕೊಂಡರೆ ಜಠರದ ಪಿಎಚ್ ದಿನದ ಹೆಚ್ಚಿನ ಹೊತ್ತು 4ರ ಮೇಲೆ ಉಳಿಯುತ್ತದೆ. ಹುಣ್ಣು ಮಾಯಲು ಬೇಕಾದದ್ದು ಇದೇ ಸ್ಥಿತಿ. ಬ್ಯಾಕ್ಟೀರಿಯಗಳು ಬದುಕಿ ದಾಟಲು ಅನುಕೂಲವಾದದ್ದೂ ಇದೇ ಸ್ಥಿತಿ.

ಕರುಳಿನ ಸಮುದಾಯ

ಮನುಷ್ಯನ ದೇಹದ ಬ್ಯಾಕ್ಟೀರಿಯಗಳನ್ನು ಮೊದಲು ಕಂಡವನು ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಆತ 1681ರಲ್ಲಿ ತನ್ನ ಮಲವನ್ನು, 1683ರಲ್ಲಿ ಹಲ್ಲಿನ ಸಂದಿಯ ಪಾಚಿಯನ್ನು ಪರೀಕ್ಷಿಸಿ, ಎರಡರಲ್ಲೂ ಓಡಾಡುವ ಕಿರುಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಬಾಯಿಯ ಜೀವಿಗಳು ಮತ್ತು ಕರುಳಿನ ಜೀವಿಗಳು ಬಹುಮಟ್ಟಿಗೆ ಬೇರೆ ಬೇರೆ ನೆಲೆಯವು ಎಂದು ಮುಂದಿನ ಶತಮಾನಗಳ ವಿಜ್ಞಾನ ತಿಳಿಸಿತು. ಅವು ಬೇರೆಯಾಗಿಯೇ ಉಳಿಯಲು ಒಂದು ಮುಖ್ಯ ಕಾರಣ ನಡುವಿನ ಆಮ್ಲ.

ಇಂದಿನ ಅಂದಾಜಿನಂತೆ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ದೇಹದ ಸ್ವಂತ ಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಗಳ ಬಹುಪಾಲು ಇರುವುದು ದೊಡ್ಡಕರುಳಿನಲ್ಲಿ. ನಮಗೆ ಅರಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಮೊದಲಾದ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಆಹಾರ. ಕೆಲವು ಜೀವಸತ್ವಗಳನ್ನೂ ಅವು ಉಂಟುಮಾಡುತ್ತವೆ. ಹೊರಗಿನಿಂದ ಬರುವ ರೋಗಾಣುಗಳಿಗೆ ಜಾಗ, ಆಹಾರ ಎರಡೂ ಸಿಗದಂತೆ ನೋಡಿಕೊಳ್ಳುತ್ತವೆ. ಬಗೆಬಗೆಯ ಜೀವಿಗಳು ತುಂಬಿರುವ ಕರುಳಿನಲ್ಲಿ ಹೊರಗಿನ ರೋಗಾಣು ಬೇರೂರುವುದು ಕಷ್ಟ.

ಗ್ರೊನಿಂಗನ್ ಮತ್ತು ಮಾಸ್ಟ್ರಿಕ್ಟ್ ಅಧ್ಯಯನ

ಆಮ್ಲ ತಗ್ಗಿಸುವ ಔಷಧ ಈ ಸಮುದಾಯಕ್ಕೆ ಏನು ಮಾಡುತ್ತದೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಗ್ರೊನಿಂಗನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ತಂಡ. ಫ್ಲೋರಿಸ್ ಇಮ್ಹಾನ್, ರಿನ್ಸ ವೀರ್ಸ್ಮ, ಅಲೆಕ್ಸಾಂಡ್ರ ಝೆರ್ನಾಕೋವ ಮೊದಲಾದವರು ಈ ಅಧ್ಯಯನವನ್ನು 2016ರಲ್ಲಿ ‘ಗಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಮೂರು ಗುಂಪುಗಳ ಮಲದ ಮಾದರಿಗಳನ್ನು ಪರೀಕ್ಷಿಸಿದ್ದರು: ಉತ್ತರದ ಪ್ರಾಂತ್ಯಗಳ ಸಾಮಾನ್ಯ ಜನ, ಕರುಳಿನ ದೀರ್ಘ ಉರಿಯೂತದ ರೋಗಿಗಳು, ಮತ್ತು ಮಾಸ್ಟ್ರಿಕ್ಟ್ ನಗರದಲ್ಲಿ ಕಲೆಹಾಕಿದ, ಕೆರಳುವ ಕರುಳಿನ ತೊಂದರೆಯವರು ಮತ್ತು ಅವರಿಗೆ ಹೋಲಿಕೆಯಾಗಿ ಆಯ್ದ ಆರೋಗ್ಯವಂತರು. ಒಟ್ಟು 1,815 ಜನರಲ್ಲಿ 211 ಮಂದಿ ಪ್ರೋಟಾನ್ ಪಂಪ್ ಪ್ರತಿಬಂಧಕಗಳನ್ನು ಸೇವಿಸುತ್ತಿದ್ದರು.

ಔಷಧ ಸೇವಿಸುವವರ ಕರುಳಿನಲ್ಲಿ ಬ್ಯಾಕ್ಟೀರಿಯಗಳ ವೈವಿಧ್ಯ ಕಡಿಮೆಯಿತ್ತು. ಪರೀಕ್ಷಿಸಿದ ಬ್ಯಾಕ್ಟೀರಿಯ ಗುಂಪುಗಳಲ್ಲಿ ಶೇಕಡ 20ರಷ್ಟು ಗುಂಪುಗಳ ಪ್ರಮಾಣ ಬದಲಾಗಿತ್ತು. ಎಂಟೆರೊಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಕುಲಗಳೂ ರೋಗ ತರಬಲ್ಲ ಇ. ಕೋಲೈ ಪ್ರಭೇದವೂ ಹೆಚ್ಚಾಗಿದ್ದವು. ಎಲ್ಲಕ್ಕಿಂತ ಗಮನ ಸೆಳೆದದ್ದು ರಾಥಿಯ ಮೊದಲಾದ ಬಾಯಿಯ ಬ್ಯಾಕ್ಟೀರಿಯಗಳು ಮಲದಲ್ಲಿ ಎದ್ದು ಕಂಡದ್ದು. ಲೇವನ್‌ಹುಕ್ ಹಲ್ಲಿನ ಪಾಚಿಯಲ್ಲಿ ನೋಡಿದ್ದರ ವಂಶದವರು ಜಠರವನ್ನು ದಾಟಿ ಕೆಳಗಿಳಿದಿದ್ದರು. ಇಡೀ ಜನಸಮುದಾಯವನ್ನು ಗಣನೆಗೆ ತೆಗೆದುಕೊಂಡರೆ ಈ ಔಷಧಗಳ ಪರಿಣಾಮ ಆ್ಯಂಟಿಬಯೋಟಿಕ್‌ಗಳ ಪರಿಣಾಮಕ್ಕಿಂತಲೂ ಎದ್ದು ಕಾಣುತ್ತದೆ ಎಂಬುದು ತಂಡದ ತೀರ್ಮಾನ. ಒಂದೊಂದು ಮಾತ್ರೆಯ ಬಲವನ್ನು ಹೋಲಿಸಿ ಹೇಳಿದ ಮಾತಲ್ಲ ಇದು. ಆ್ಯಂಟಿಬಯೋಟಿಕ್ ಕೆಲವು ದಿನಗಳ ಔಷಧ. ಆಮ್ಲದ ಮಾತ್ರೆಯನ್ನು ಲಕ್ಷಾಂತರ ಜನ ವರ್ಷಗಟ್ಟಲೆ ನುಂಗುತ್ತಾರೆ.

ಅದೇ ಸಮಯದಲ್ಲಿ ಬ್ರಿಟನ್ನಿನ 1,827 ಅವಳಿಗಳ ಮೇಲೆ ನಡೆದ ಅಧ್ಯಯನದಲ್ಲೂ ಇದೇ ಬಗೆಯ ಬದಲಾವಣೆ ಕಂಡಿತು. 2020ರಲ್ಲಿ ಗ್ರೊನಿಂಗನ್ ತಂಡ 41 ಬಗೆಯ ಔಷಧಗಳನ್ನು ಒಟ್ಟಿಗೆ ತೂಗಿ ನೋಡಿತು. ಒಬ್ಬರೇ ಹಲವು ಔಷಧ ಸೇವಿಸುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕರುಳಿನ ಬ್ಯಾಕ್ಟೀರಿಯಗಳೊಂದಿಗೆ ಬಲವಾದ ನಂಟು ಉಳಿಸಿಕೊಂಡವು ನಾಲ್ಕು: ಪ್ರೋಟಾನ್ ಪಂಪ್ ಪ್ರತಿಬಂಧಕ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಆ್ಯಂಟಿಬಯೋಟಿಕ್ ಮತ್ತು ಮಲ ಸಡಿಲಿಸುವ ವಿರೇಚಕ.

ಬದಲಾವಣೆ ಆಗುವ ಬಗೆ

ಆಮ್ಲದ ಕಾವಲು ಸಡಿಲಾಗಿ, ಬಾಯಿಯಿಂದಲೂ ಆಹಾರದಿಂದಲೂ ಬರುವ ಬ್ಯಾಕ್ಟೀರಿಯಗಳು ಹೆಚ್ಚಿನ ಸಂಖ್ಯೆಯಲ್ಲಿ ಬದುಕಿ ಕರುಳು ಸೇರುವುದು ಮೊದಲ ದಾರಿ. ಜಠರ ಮತ್ತು ಸಣ್ಣಕರುಳಿನ ಮೇಲ್ಭಾಗದ ಪಿಎಚ್ ಏರಿದಾಗ, ಅಲ್ಲಿ ವಿರಳವಾಗಿರಬೇಕಾದ ಬ್ಯಾಕ್ಟೀರಿಯಗಳು ದಟ್ಟವಾಗಿ ಬೆಳೆಯಲು ಅವಕಾಶವಾಗುತ್ತದೆ. ಇದು ಎರಡನೆಯ ದಾರಿ. ಮೂರನೆಯದಾಗಿ, ಔಷಧವೇ ಕೆಲವು ಬ್ಯಾಕ್ಟೀರಿಯಗಳ ಮೇಲೆ ನೇರವಾಗಿ ಪರಿಣಾಮ ಬೀರಬಲ್ಲದು. ಮನುಷ್ಯನ ಕೋಶಗಳಿಗೆಂದು ರೂಪಿಸಿದ ಔಷಧಗಳೂ ಬ್ಯಾಕ್ಟೀರಿಯಗಳನ್ನು ಕುಗ್ಗಿಸಬಲ್ಲವು ಎಂಬುದು 2018ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಖಚಿತವಾಯಿತು. ಅಲ್ಲಿನ ಪ್ರಯೋಗಾಲಯದಲ್ಲಿ ಸಾವಿರಕ್ಕೂ ಹೆಚ್ಚು ಔಷಧಗಳನ್ನು ಕರುಳಿನ 40 ಬ್ಯಾಕ್ಟೀರಿಯ ತಳಿಗಳ ಮೇಲೆ ಪರೀಕ್ಷಿಸಿದಾಗ, ಆ್ಯಂಟಿಬಯೋಟಿಕ್ ಅಲ್ಲದ ಔಷಧಗಳಲ್ಲೂ ಸುಮಾರು ನಾಲ್ಕನೆಯ ಒಂದು ಭಾಗ ಕನಿಷ್ಠ ಒಂದು ತಳಿಯ ಬೆಳವಣಿಗೆಯನ್ನು ತಡೆದವು.

‘ಗ್ಯಾಸ್ಟ್ರಿಕ್’ ಎಂಬ ನಮ್ಮ ಮಾತಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಕನ್ನಡಿಗರು ಎದೆಯುರಿಗೂ, ಹೊಟ್ಟೆಯುಬ್ಬರಕ್ಕೂ, ತೇಗಿಗೂ, ಕೆಲವೊಮ್ಮೆ ಎದೆನೋವಿಗೂ ಅದೊಂದೇ ಹೆಸರು ಕೊಡುತ್ತಾರೆ. ಆಮ್ಲ ಬೇರೆ, ವಾಯು ಬೇರೆ. ಹೊಟ್ಟೆಯ ವಾಯುವಿನ ಒಂದು ಪಾಲು ನುಂಗಿದ ಗಾಳಿ. ಇನ್ನೊಂದು ಪಾಲು ಬ್ಯಾಕ್ಟೀರಿಯಗಳು ಆಹಾರವನ್ನು ಹುದುಗಿಸಿದಾಗ ಹುಟ್ಟುವಂಥದ್ದು. ಆಮ್ಲವನ್ನು ಇಳಿಸುವ ಮಾತ್ರೆ ವಾಯುವಿಗೆ ಮದ್ದಲ್ಲ. ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯ ದಟ್ಟವಾದರೆ ಉಬ್ಬರ ಹೆಚ್ಚಲೂಬಹುದು. ಉಬ್ಬರ ಹೆಚ್ಚಿತೆಂದು ಮತ್ತೆ ಅದೇ ಮಾತ್ರೆ ನುಂಗುವವರು ತೊಂದರೆಯ ಸುಳಿಯೊಳಗೆ ಇನ್ನಷ್ಟು ಇಳಿಯುತ್ತಾರೆ.

ಕರುಳಿನ ಸೋಂಕುಗಳು

ಆಮ್ಲ ಕಡಿಮೆಯಾದಾಗ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಮೊದಲಾದ ರೋಗಾಣುಗಳು ಜಠರವನ್ನು ದಾಟುವುದು ಸುಲಭ. ಸರಿಯಾಗಿ ಬೇಯದ ಕೋಳಿಮಾಂಸ ಕ್ಯಾಂಪಿಲೊಬ್ಯಾಕ್ಟರ್‌ನ ಮುಖ್ಯ ವಾಹಕ. ಆಮ್ಲ ತಗ್ಗಿಸುವ ಔಷಧವೂ ಈ ಸೋಂಕಿಗೆ ಒಂದು ಕಾರಣ ಎಂಬುದು ನೆದರ್‌ಲ್ಯಾಂಡ್ಸ್‌ನ ರೋಗಿಗಳ ಅಧ್ಯಯನದಲ್ಲಿ ಕಂಡುಬಂತು. ದೇಶದಲ್ಲಿ ಈ ಸೋಂಕು ಏರಿದ್ದಕ್ಕೂ ಔಷಧಗಳ ಬಳಕೆ ಏರಿದ್ದಕ್ಕೂ ನಂಟಿರಬಹುದು ಎಂದು 2014ರಲ್ಲಿ ಅಲ್ಲಿನ ಸಂಶೋಧಕರು ಅಂಕಿಅಂಶ ಹೋಲಿಸಿ ಬರೆದರು.

ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯ ಇನ್ನೊಂದು ಚಿಂತೆ. ಆಸ್ಪತ್ರೆಗಳಲ್ಲಿ ತೀವ್ರ ಭೇದಿಗೆ ಕಾರಣವಾಗುವ ಇದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರ ಫೆಬ್ರುವರಿಯಲ್ಲಿ ಪ್ರೋಟಾನ್ ಪಂಪ್ ಪ್ರತಿಬಂಧಕಗಳ ಮೇಲೆ ಎಚ್ಚರಿಕೆ ಹೊರಡಿಸಿತು. ಇದರ ಬೀಜಾಣುಗಳು ಆಮ್ಲಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಕರುಳಿನ ಸಮುದಾಯ ದುರ್ಬಲವಾಗುವುದೇ ಹೆಚ್ಚು ಮುಖ್ಯವಾದ ದಾರಿ ಎಂದು ತಜ್ಞರು ಭಾವಿಸುತ್ತಾರೆ.

ಆ ಸಮುದಾಯವನ್ನು ಮರಳಿ ಕಟ್ಟಿದರೆ ರೋಗ ಗುಣವಾಗುತ್ತದೆ ಎಂಬುದನ್ನು ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರೇ 2013ರಲ್ಲಿ ತೋರಿಸಿದರು. ಮತ್ತೆ ಮತ್ತೆ ಈ ಭೇದಿಗೆ ಒಳಗಾಗಿದ್ದ 16 ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಮೂಗಿನ ನಳಿಕೆಯ ಮೂಲಕ ಸಣ್ಣಕರುಳಿಗೆ ಹಾಯಿಸಲಾಯಿತು. ಒಂದೇ ಸಲಕ್ಕೆ 13 ಮಂದಿ, ಎರಡನೆಯ ಸಲಕ್ಕೆ ಇನ್ನಿಬ್ಬರು ಗುಣವಾದರು. ವ್ಯಾಂಕೊಮೈಸಿನ್ ಔಷಧ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಮುಂದೆ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಇದಕ್ಕೆಂದೇ ದಾನಿಗಳ ಮಲದ ಬ್ಯಾಂಕ್ ಸ್ಥಾಪನೆಯಾಯಿತು. ಕರುಳಿನ ಬ್ಯಾಕ್ಟೀರಿಯಗಳನ್ನು ಒಂದು ಅಂಗದಷ್ಟೇ ಗೌರವದಿಂದ ನೋಡಬೇಕೆಂಬ ತಿಳಿವಳಿಕೆಗೆ ಈ ಪ್ರಯೋಗ ಬಲ ಕೊಟ್ಟಿತು.

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯ

ಹಲವು ಆ್ಯಂಟಿಬಯೋಟಿಕ್‌ಗಳನ್ನು ನಿಷ್ಫಲಗೊಳಿಸುವ ಇಎಸ್‌ಬಿಎಲ್ ಎಂಬ ಕಿಣ್ವವನ್ನು ಹೊಂದಿರುವ ಬ್ಯಾಕ್ಟೀರಿಯಗಳು ಯಾವ ರೋಗಲಕ್ಷಣವನ್ನೂ ತೋರದೆ ಕರುಳಿನಲ್ಲಿ ಮನೆ ಮಾಡಿಕೊಂಡಿರಬಲ್ಲವು. ಆಮ್‌ಸ್ಟರ್‌ಡ್ಯಾಮ್‌ನ 1,695 ವಯಸ್ಕರನ್ನು ಪರೀಕ್ಷಿಸಿದಾಗ ಶೇಕಡ 8.6 ಮಂದಿಯ ಕರುಳಿನಲ್ಲಿ ಇವು ಸಿಕ್ಕವು. ಇವುಗಳೊಂದಿಗೆ ನಂಟು ತೋರಿದ ಸಂಗತಿಗಳು ಮೂರು: ಹಿಂದಿನ ವರ್ಷದಲ್ಲಿ ಆ್ಯಂಟಿಬಯೋಟಿಕ್ ಸೇವನೆ, ಏಷ್ಯಾ ಮೊದಲಾದ ಖಂಡಗಳಿಗೆ ಪ್ರಯಾಣ, ಮತ್ತು ಆಮ್ಲದ ಔಷಧ. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಇನ್ನೊಂದು ತಂಡ 26 ಅಧ್ಯಯನಗಳ 29,382 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ, ಆಮ್ಲ ತಗ್ಗಿಸುವ ಔಷಧ ಸೇವಿಸುವವರಲ್ಲಿ ಹಲವು ಮದ್ದುಗಳಿಗೆ ಬಗ್ಗದ ಬ್ಯಾಕ್ಟೀರಿಯ ನೆಲೆಸುವ ಸಂಭವ ಸುಮಾರು ಒಂದೂಮುಕ್ಕಾಲು ಪಟ್ಟು ಎಂದು ಕಂಡುಕೊಂಡಿತು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳು

ವೆಲ್ಡ್‌ಹೋವನ್ನಿನ ಮ್ಯಾಕ್ಸಿಮ ವೈದ್ಯಕೀಯ ಕೇಂದ್ರ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲದಿದ್ದರೂ ನವಜಾತ ಶಿಶುಗಳ ತೀವ್ರನಿಗಾ ಘಟಕವನ್ನು ಹೊಂದಿರುವ ಅಪರೂಪದ ಡಚ್ ಆಸ್ಪತ್ರೆ. ನೆರೆಯ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದೊಂದಿಗೆ ಸೇರಿ, ತೀರ ಮುಂಚಿತವಾಗಿ ಹುಟ್ಟುವ ಶಿಶುಗಳಿಗೆಂದು ಕೃತಕ ಗರ್ಭಕೋಶದ ಸಂಶೋಧನೆಯಲ್ಲಿಯೂ ಇಲ್ಲಿನ ವೈದ್ಯರು ತೊಡಗಿದ್ದಾರೆ. ಇಂಥ ಘಟಕಗಳಲ್ಲಿ ಮಲಗಿರುವ ಮಕ್ಕಳ ವಿಷಯದಲ್ಲಿ ಆಮ್ಲದ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಅವುಗಳ ಕರುಳಿನ ಸಮುದಾಯ ಆಗಷ್ಟೇ ಮೊಳೆಯುತ್ತಿರುತ್ತದೆ, ರೋಗ ತಡೆಯುವ ಶಕ್ತಿ ಎಳೆಯದು, ಜಠರಾಮ್ಲವೇ ಅವಕ್ಕೆ ಒಂದು ದೊಡ್ಡ ರಕ್ಷೆ.

2012ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ತೀರ ಕಡಿಮೆ ತೂಕದ 274 ಶಿಶುಗಳನ್ನು ಗಮನಿಸಿತು. ರ‍್ಯಾನಿಟಿಡಿನ್ ಪಡೆದ ಶಿಶುಗಳಲ್ಲಿ ಶೇಕಡ 37.4ಕ್ಕೆ ಸೋಂಕು ತಗುಲಿತು. ಪಡೆಯದವುಗಳಲ್ಲಿ ಅದು ಶೇಕಡ 9.8. ಕರುಳಿನ ಗೋಡೆಯೇ ಕೊಳೆಯುವ ‘ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್’ ಎಂಬ ಮಾರಕ ಕಾಯಿಲೆಯೂ ಔಷಧ ಪಡೆದವುಗಳಲ್ಲೇ ಹೆಚ್ಚು. ಹಾಲು ಕಕ್ಕುವುದು ಎಳೆಮಕ್ಕಳಲ್ಲಿ ಸಾಮಾನ್ಯ, ಬಹುಪಾಲು ಮಕ್ಕಳಲ್ಲಿ ಅದು ಬೆಳೆಯುತ್ತ ತಾನಾಗಿ ನಿಲ್ಲುತ್ತದೆ. ಕಕ್ಕಿದ ಮಾತ್ರಕ್ಕೆ ಆಮ್ಲದ ಔಷಧ ಕೊಡಬಾರದು ಎಂಬುದು ಇಂದಿನ ವೈದ್ಯಕೀಯ ಒಮ್ಮತ.

ವಲಸೆ ಬಂದ ಮನೆಗಳು

ಊರು ಬಿಟ್ಟು ಊರಿಗೆ ಬಂದವರ ಕರುಳೂ ಹೊಸ ನೆಲಕ್ಕೆ ಹೊಂದಿಕೊಳ್ಳಬೇಕು. ಧಾನ್ಯ, ಬೇಳೆ, ಸೊಪ್ಪು ಹೆಚ್ಚಾಗಿ ಉಣ್ಣುವ ಭಾರತೀಯರ ಕರುಳಿನಲ್ಲಿ ಪ್ರೆವೊಟೆಲ್ಲ ಕುಲದ ಬ್ಯಾಕ್ಟೀರಿಯ ಸಾಮಾನ್ಯವಾಗಿ ಹೇರಳ. ಥಾಯ್ಲೆಂಡಿನಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋದ ಹ್ಮಾಂಗ್ ಮತ್ತು ಕರೆನ್ ಜನರಲ್ಲಿ ಪ್ರೆವೊಟೆಲ್ಲ ಇಳಿದು ಬ್ಯಾಕ್ಟೀರಾಯ್ಡಿಸ್ ಎಂಬ ಇನ್ನೊಂದು ಕುಲ ಏರುವ ಬದಲಾವಣೆ ಕೆಲವೇ ತಿಂಗಳಲ್ಲಿ ಆರಂಭವಾದದ್ದನ್ನು 2018ರ ಅಧ್ಯಯನ ದಾಖಲಿಸಿದೆ. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಆರು ಮೂಲಗಳ 2,084 ನಿವಾಸಿಗಳನ್ನು ಹೋಲಿಸಲಾಯಿತು. ಅವರಲ್ಲಿ 1873ರಿಂದ ಹಡಗಿನಲ್ಲಿ ಸುರಿನಾಮ್‌ಗೆ ಕೂಲಿಗೆಂದು ಹೋದ ಭಾರತೀಯರ ವಂಶಸ್ಥರೂ ಇದ್ದರು. ಒಂದೇ ನಗರದಲ್ಲಿ ಬಾಳುತ್ತಿದ್ದರೂ ಈ ವಂಶಸ್ಥರ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಮೇಲುಗೈಯಾಗಿದ್ದರೆ ಡಚ್ಚರಲ್ಲಿ ಕ್ಲಾಸ್ಟ್ರಿಡಿಯೇಲಿಸ್ ಗುಂಪಿನವು ಮೇಲುಗೈಯಾಗಿದ್ದವು. ಒಂದೇ ಮನೆಯಲ್ಲಿ ಬದುಕುವುದೂ ಕರುಳನ್ನು ರೂಪಿಸುತ್ತದೆ. ಉತ್ತರ ನೆದರ್‌ಲ್ಯಾಂಡ್ಸ್‌ನ 8,208 ಜನರ ಅಧ್ಯಯನ 2022ರಲ್ಲಿ ತಿಳಿಸಿದಂತೆ, ಅನುವಂಶಿಕತೆಯ ಗುರುತು ಕಂಡದ್ದು ಬ್ಯಾಕ್ಟೀರಿಯ ಗುಂಪುಗಳಲ್ಲಿ ಶೇಕಡ 6.6ರಲ್ಲಿ ಮಾತ್ರ, ಒಂದೇ ಸೂರಿನಡಿಯ ಬದುಕಿನ ಗುರುತು ಶೇಕಡ 48.6ರಲ್ಲಿ ಇತ್ತು.

ವೆಲ್ಡ್‌ಹೋವನ್, ಐಂಡ್‌ಹೋವನ್‌ಗಳ ಕನ್ನಡ ಮನೆಗಳಿಗೆ ಮುಟ್ಟುವ ಸಂಗತಿ ಇನ್ನೊಂದಿದೆ. ಬೇಸಗೆ ರಜೆಗೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿಗೆ ಹೋಗಿಬರುವಾಗ ಅವರು ಕರುಳಿನಲ್ಲಿ ಹೊಸ ಬ್ಯಾಕ್ಟೀರಿಯಗಳನ್ನೂ ಹೊತ್ತು ತರುತ್ತಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆದರ್‌ಲ್ಯಾಂಡ್ಸ್‌ನಿಂದ ಹೊರಟ 2,001 ಪ್ರಯಾಣಿಕರನ್ನು ಪರೀಕ್ಷಿಸಿತ್ತು. ಮೊದಲು ಇಎಸ್‌ಬಿಎಲ್ ಬ್ಯಾಕ್ಟೀರಿಯ ಇಲ್ಲದಿದ್ದವರಲ್ಲಿ ಶೇಕಡ 34.3 ಮಂದಿ ಪ್ರಯಾಣದಲ್ಲಿ ಅದನ್ನು ಪಡೆದು ಮರಳಿದರು. ದಕ್ಷಿಣ ಏಷ್ಯಾಕ್ಕೆ ಹೋದವರಲ್ಲಿ ಈ ಪ್ರಮಾಣ ಶೇಕಡ 75.1. ಪ್ರಯಾಣದ ವೇಳೆ ಆ್ಯಂಟಿಬಯೋಟಿಕ್ ಸೇವಿಸಿದವರಿಗೆ ಅಪಾಯ ಹೆಚ್ಚಿತ್ತು. ಬಹುತೇಕರ ಕರುಳಿನಿಂದ ಇವು ವರ್ಷದೊಳಗೆ ಮಾಯವಾಗುತ್ತವೆ. ಆದರೂ ಊರಿಗೆ ಹೊರಡುವ ಮುನ್ನ, ತಾನು ನುಂಗುತ್ತಿರುವ ಆಮ್ಲದ ಮಾತ್ರೆ ನಿಜಕ್ಕೂ ಬೇಕೇ ಎಂದು ವೈದ್ಯರನ್ನು ಕೇಳುವುದು ಪ್ರಯೋಜನಕಾರಿ.

ಔಷಧ ಸಿಗುವ ರೀತಿಯಲ್ಲೂ ಎರಡು ನೆಲಗಳ ನಡುವೆ ಅಂತರವಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿ ಕುಟುಂಬವೂ ‘ಹೌಸ್‌ಆರ್ಟ್ಸ್’ ಎಂಬ ಕುಟುಂಬವೈದ್ಯರಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತದೆ. ತಜ್ಞರ ಬಳಿ ಹೋಗಬೇಕಾದರೆ ಅವರ ಪತ್ರ ಬೇಕು. ಕಡಿಮೆ ಪ್ರಮಾಣದ ಆಮ್ಲದ ಮಾತ್ರೆಗಳು ಅಲ್ಲೂ ಚೀಟಿಯಿಲ್ಲದೆ ಸಿಗುತ್ತವೆ. ಆದರೆ 2012ರಿಂದ ಮೂಲ ವಿಮೆ ಇವುಗಳ ವೆಚ್ಚವನ್ನು ದೀರ್ಘಕಾಲದ ಅಗತ್ಯವಿದ್ದವರಿಗೆ ಮಾತ್ರ ಭರಿಸುತ್ತದೆ. ಭಾರತದಲ್ಲಿ ಪ್ಯಾಂಟೊಪ್ರಜೋಲ್ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಶೆಡ್ಯೂಲ್ ಎಚ್ ಪಟ್ಟಿಯ ಔಷಧ. ರೂಢಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಕೇಳಿದವರಿಗೆಲ್ಲ ಅದು ದೊರೆಯುತ್ತದೆ. ನೋವಿನ ಮಾತ್ರೆ, ಜ್ವರದ ಮಾತ್ರೆ ಬರೆದಾಗ ಜೊತೆಗೊಂದು ‘ಗ್ಯಾಸ್ ಮಾತ್ರೆ’ ಸೇರಿಸುವುದೂ ರೂಢಿಯಾಗಿದೆ.

ಸಾಕ್ಷ್ಯದ ಬಲ ಮತ್ತು ಮಿತಿ

ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಔಷಧ ಸೇವಿಸುವವರನ್ನೂ ಸೇವಿಸದವರನ್ನೂ ಹೋಲಿಸಿದವು. ಸೇವಿಸುವವರು ಸಾಮಾನ್ಯವಾಗಿ ಹೆಚ್ಚು ವಯಸ್ಸಾದವರು, ಬೇರೆ ಕಾಯಿಲೆಗಳೂ ಇರುವವರು. ಆದ್ದರಿಂದ ಕಂಡ ವ್ಯತ್ಯಾಸವನ್ನೆಲ್ಲ ಮಾತ್ರೆಯ ಲೆಕ್ಕಕ್ಕೇ ಬರೆಯಲಾಗದು. ನೇರ ಪ್ರಯೋಗಗಳು ಚಿತ್ರವನ್ನು ಇನ್ನಷ್ಟು ತಿಳಿಯಾಗಿಸಿವೆ. 2015ರಲ್ಲಿ ಅಮೆರಿಕದಲ್ಲಿ 12 ಆರೋಗ್ಯವಂತರಿಗೆ ಕೆಲವು ವಾರ ಹೆಚ್ಚಿನ ಪ್ರಮಾಣದ ಒಮೆಪ್ರಜೋಲ್ ಕೊಟ್ಟಾಗ ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್ ಬಳಗಗಳು ಹೆಚ್ಚಿದವು; ಒಟ್ಟಾರೆ ವೈವಿಧ್ಯದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಬ್ಯಾಕ್ಟೀರಿಯಗಳ ಬಗೆ ಬದಲಾಗುವುದಕ್ಕೆ ಔಷಧವೇ ಕಾರಣ ಎಂಬುದು ಹೀಗೆ ಗಟ್ಟಿಯಾಯಿತು. ಮಲದ ಪರೀಕ್ಷೆಗಳು ಸಾಮಾನ್ಯವಾಗಿ ಹೇಳುವುದು ನೂರರಲ್ಲಿ ಎಷ್ಟು ಎಂಬ ಪಾಲನ್ನು. ಮೂಲನಿವಾಸಿಗಳು ಕಡಿಮೆಯಾದಾಗಲೂ ಹೊರಗಿನವರ ಪಾಲು ದೊಡ್ಡದಾಗಿ ಕಾಣಬಲ್ಲದು ಎಂಬ ಎಚ್ಚರವೂ ಬೇಕು.

ಎಲ್ಲಕ್ಕಿಂತ ತೂಕದ ಸಾಕ್ಷ್ಯ 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ. ಹೃದಯ ಮತ್ತು ರಕ್ತನಾಳದ ಕಾಯಿಲೆಯ 17,598 ರೋಗಿಗಳಿಗೆ, ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಲಾಯಿತು. ಮೂಳೆ ಮುರಿತ, ಮೂತ್ರಪಿಂಡದ ತೊಂದರೆ, ಮರೆಗುಳಿತನ, ನ್ಯುಮೋನಿಯ ಯಾವುದರಲ್ಲೂ ಎರಡು ಗುಂಪುಗಳ ನಡುವೆ ಅಂತರ ಕಾಣಲಿಲ್ಲ. ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು: ಔಷಧ ಪಡೆದವರಲ್ಲಿ ಶೇಕಡ 1.4, ಪಡೆಯದವರಲ್ಲಿ ಶೇಕಡ 1. ಮಾತ್ರೆಯ ಬಗ್ಗೆ ಹರಡಿರುವ ಹಲವು ಭಯಗಳನ್ನು ಈ ಪ್ರಯೋಗ ತಗ್ಗಿಸಿತು. ಕರುಳಿನ ವಿಷಯದ ಎಚ್ಚರಿಕೆಯನ್ನು ಮಾತ್ರ ಅದು ಉಳಿಸಿತು.

ಬಳಕೆ ಮತ್ತು ನಿಲುಗಡೆ

ಈ ಔಷಧಗಳು ಜೀವ ಉಳಿಸಿದ ಔಷಧಗಳೆಂಬುದನ್ನು ಮರೆಯಬಾರದು. ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿದ್ದ ಕಾಲವನ್ನು ಕೊನೆಗಾಣಿಸಿದ್ದು ಇವು, ಮತ್ತು ಹುಣ್ಣಿನ ಮೂಲವಾದ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯದ ಶೋಧ. ಆ ಶೋಧಕ್ಕೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರ ನೊಬೆಲ್ ಪಡೆದರು. ರಕ್ತ ಸುರಿಸಿದ ಹುಣ್ಣು, ಅನ್ನನಾಳದ ತೀವ್ರ ಉರಿಯೂತ, ಬ್ಯಾರೆಟ್ ಅನ್ನನಾಳ (ಆಮ್ಲ ತಗುಲಿ ಅನ್ನನಾಳದ ಒಳಪದರ ಬದಲಾಗುವ ಸ್ಥಿತಿ), ಆಸ್ಪಿರಿನ್ ಅಥವಾ ನೋವುನಿವಾರಕಗಳನ್ನು ದಿನವೂ ಸೇವಿಸಬೇಕಾದ ಹಿರಿಯರು, ಇಂಥ ಸಂದರ್ಭಗಳಲ್ಲಿ ಮಾತ್ರೆಯ ಲಾಭ ಅದರ ತೊಂದರೆಗಿಂತ ಬಹಳ ದೊಡ್ಡದು. ಇಂಥವರು ತಾವಾಗಿ ಮಾತ್ರೆ ನಿಲ್ಲಿಸಬಾರದು.

ಸಾಮಾನ್ಯ ಎದೆಯುರಿಗೆ ಬೇಕಾಗುವುದು ಬಹುಮಟ್ಟಿಗೆ ಕೆಲವು ವಾರಗಳ ಚಿಕಿತ್ಸೆ. ಮಾತ್ರೆ ವರ್ಷಗಟ್ಟಲೆ ಮುಂದುವರಿಯಲು ಒಂದು ಕಾರಣ ಅದನ್ನು ಬಿಟ್ಟಾಗ ಆಗುವ ಮರುಕಳಿಕೆ. ಅದುಮಿಟ್ಟ ಸ್ರಾವ ಬಿಟ್ಟೊಡನೆ ಕೆಲಕಾಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ, ಶೇಕಡ 44 ಮಂದಿಗೆ ಎದೆಯುರಿ ಮೊದಲಾದ ಲಕ್ಷಣ ಕಾಣಿಸಿಕೊಂಡಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಅದು ಶೇಕಡ 15. ಈ ಉರಿಯನ್ನು ಹಳೆಯ ಕಾಯಿಲೆ ಎಂದೇ ತಿಳಿದು ಜನ ಮತ್ತೆ ಮಾತ್ರೆಗೆ ಮರಳುತ್ತಾರೆ. ಆದ್ದರಿಂದ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು, ನಡುವೆ ಉರಿಯಾದರೆ ಆ ಹೊತ್ತಿಗಷ್ಟೆ ಆಮ್ಲಶಾಮಕ ಬಳಸುವುದು ವೈದ್ಯರು ಹೇಳುವ ದಾರಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡುವುದು, ಮಂಚದ ತಲೆಯ ಕಡೆಯನ್ನು ಎತ್ತರಿಸುವುದು, ಮೈತೂಕ ಇಳಿಸುವುದು, ತಂಬಾಕು ಬಿಡುವುದು ಎದೆಯುರಿಯನ್ನು ನಿಜವಾಗಿ ತಗ್ಗಿಸುತ್ತವೆ. ಹೆಲಿಕೊಬ್ಯಾಕ್ಟರ್ ಪತ್ತೆಗೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸುವವರು ಎರಡು ವಾರ ಮೊದಲೇ, ವೈದ್ಯರಿಗೆ ತಿಳಿಸಿ, ಈ ಮಾತ್ರೆ ನಿಲ್ಲಿಸಬೇಕು. ಇಲ್ಲವಾದರೆ ಇರುವ ಸೋಂಕೂ ಇಲ್ಲವೆಂದು ತೋರಬಹುದು.

ಜಠರದ ಆಮ್ಲ ದೇಹ ತಾನೇ ಕಟ್ಟಿಕೊಂಡ ಕಾವಲು. ಹುಣ್ಣು ಮಾಯಲೆಂದು ಅದನ್ನು ಕೆಲಕಾಲ ಸಡಿಲಿಸುವುದು ಒಳ್ಳೆಯ ಚಿಕಿತ್ಸೆ. ಕಾರಣ ಮರೆತ ಮೇಲೂ ವರ್ಷಗಟ್ಟಲೆ ಸಡಿಲಿಸಿಯೇ ಇಟ್ಟರೆ ಅದಕ್ಕೆ ಬೆಲೆ ತೆರುವುದು ಕರುಳು. ಮನೆಯ ಔಷಧದ ಡಬ್ಬಿಯಲ್ಲಿ ಈ ಮಾತ್ರೆ ಇರುವವರು ಮೊದಲು ಅದನ್ನು ಬರೆದುಕೊಟ್ಟದ್ದು ಯಾರು, ಯಾವ ತೊಂದರೆಗೆ, ಎಷ್ಟು ದಿನಕ್ಕೆ ಎಂದು ನೆನಪಿಸಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಮುಂದಿನ ಸಲ ವೈದ್ಯರ ಎದುರು ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ.